ಪ್ರೀತಿಯ ಕುತ್ತಿಗೆಯ ಕಪ್ಪು

“ಇದ್ಯಾವ ಬಣ್ಣ ಇದು, ಇಷ್ಟು ತಿಕ್ಕಿದ್ರೂ ಹೋಗವಲ್ದು?”

ಶಿವಲಿಂಗವ್ವ ಕೇಳಿದ್ದು ಯಾರನ್ನೂ ಅಲ್ಲ. ಬಚ್ಚಲಿನಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಮಣೆಯ ಮೇಲೆ ತಲೆ ಬಗ್ಗಿಸಿ ಕುಳಿತ ಮೊಮ್ಮಗಳು ಪ್ರೀತಿ. ಆರನೆಯ ತರಗತಿ ಓದುವ ಆ ಹುಡುಗಿಯ ಕುತ್ತಿಗೆಯ ಹಿಂದೆ, ಕೂದಲು ಮುಗಿಯುವಲ್ಲಿ, ಒಂದು ಕಪ್ಪು ಪಟ್ಟಿ. ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪ, ಮೆತ್ತಗೆ. ಕಡಲೆಹಿಟ್ಟು ಹಚ್ಚಿ ನೋಡಿದ್ದಾಯಿತು. ಮೊಸರು, ಲಿಂಬೆಹಣ್ಣು ಆಯಿತು. ತೆಂಗಿನ ನಾರಿನಿಂದ ಉಜ್ಜಿದ್ದೂ ಆಯಿತು. ಕಪ್ಪು ಮಾತ್ರ ಇದ್ದಲ್ಲೇ ಇತ್ತು.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಮೈಗೆ ಬಣ್ಣ ಹತ್ತುವುದು ಹೊಸದೇನಲ್ಲ. ಶಿವಲಿಂಗವ್ವನ ಮಗ ಹುಚ್ಚೇಶ ಹಿತ್ತಲಿನಲ್ಲಿ ಬಾನಿ ಇಟ್ಟುಕೊಂಡು ನೂಲಿಗೆ ಬಣ್ಣ ಹಾಕುವವನು. ಸೊಸೆ ಸುನಿತಾ ಮಗ್ಗದಲ್ಲಿ ನೇಯುವವಳು. ಸಾಲಿ ಮುಗಿಸಿ ಬಂದ ಪ್ರೀತಿ, ಮಾಳಿಗೆಯ ಮೇಲೆ ಅರೆಬರೆ ಒಣಗಿದ ನೂಲಿನ ಲಡಿಗಳನ್ನು ಹೂಮಾಲೆಯ ಹಾಗೆ ಕುತ್ತಿಗೆಗೆ ಹಾಕಿಕೊಂಡು ಕೆಳಗೆ ತರುವಳು. ಚಂದ್ರಕಾಳಿ ಸೀರೆಗೆ ಬೇಕಾದ ಕಪ್ಪು ನೂಲೇ ಅವರ ಮನೆಯಲ್ಲಿ ಹೆಚ್ಚು. ಲಡಿ ಹೊತ್ತೂ ಹೊತ್ತೂ ಹುಡುಗಿಯ ಕುತ್ತಿಗೆಗೆ ಬಣ್ಣ ಕಚ್ಚಿದೆ ಎಂದು ಮನೆಮಂದಿಯೆಲ್ಲ ನಂಬಿದ್ದರು.

“ನಾಳಿ ಶುಕ್ರವಾರ ಚೊಳಚಗುಡ್ಡಕ್ಕ ಹೋಗೂದೈತಿ. ಬನಶಂಕರಿ ಮುಂದ ಇಂಥಾ ಕುತ್ತಿಗಿ ತಗೊಂಡು ನಿಲ್ತೀಯೇನ ಕೂಸ?”

“ಸಾಲ್ಯಾಗೂ ನಗ್ತಾರ ಆಯಿ. ಜಳಕಾ ಮಾಡೂದಿಲ್ಲೇನ ಡುಮ್ಮಿ ಅಂತಾರ.”

“ಅನ್ನಾವರು ಅಂದ್ಕೊಳ್ಳಲಿ. ಅವರ ಮನ್ಯಾಗ ಮಕ್ಕಳು ಜೋಳದ ದಂಟ ಆಗ್ಯಾವ. ಮೈ ತುಂಬಿದ ಹುಡುಗಿ ನೋಡಿ ಹೊಟ್ಟಿ ಉರಿ ಅವರಿಗೆ.”

ಹೀಗೆ ಅನ್ನುತ್ತಲೇ ಶಿವಲಿಂಗವ್ವನಿಗೆ ಒಂದು ದಾರಿ ಹೊಳೆಯಿತು. ಬಾನಿಯ ಬದಿಗೆ ನೂಲಿನ ಹಳೆ ಬಣ್ಣ ಬಿಡಿಸುವ ಸೋಡಾಪುಡಿಯ ಡಬ್ಬಿ ಇತ್ತು. ನೂಲಿನ ಬಣ್ಣ ಬಿಡಿಸುವುದು ಕುತ್ತಿಗೆಯ ಬಣ್ಣ ಬಿಡಿಸಲಾರದೇ? ಒಂದು ಹಿಡಿ ತಂದಳು. ನೀರು ಚಿಮುಕಿಸಿ ಕಪ್ಪಿನ ಮೇಲೆ ಮೆತ್ತಿದಳು. ಶಿವನಾಮ ಹೇಳುತ್ತಾ ನಾರು ಹಿಡಿದು ತಿಕ್ಕಿದಳು, ಮತ್ತೆ ತಿಕ್ಕಿದಳು.

ಪ್ರೀತಿ ಚೀರಿದ್ದು ಓಣಿಯ ಆ ತುದಿಗೆ ಕೇಳಿಸಿತು.

ಸುನಿತಾ ಮಗ್ಗ ಬಿಟ್ಟು ಓಡಿ ಬಂದಳು. ಎದುರುಮನೆಯ ಮಹಾದೇವಿಯೂ ಬಂದಳು. ಅವಳು ಓಣಿಯ ಆಶಾ ಕಾರ್ಯಕರ್ತೆ, ಯಾರ ಮನೆಯಲ್ಲಿ ಕೂಸು ಅತ್ತರೂ ಚಪ್ಪಲಿ ಮೆಟ್ಟಿಕೊಳ್ಳುವುದಕ್ಕೆ ಕಾಯುವವಳಲ್ಲ. ಬಚ್ಚಲಿನ ನೀರು ನಸುಗೆಂಪಾಗಿ ಹರಿಯುತ್ತಿತ್ತು. ಹುಡುಗಿಯ ಕುತ್ತಿಗೆಯ ನಡುವೆ ಚರ್ಮ ಕಿತ್ತು ಮಾಂಸ ಕಾಣುತ್ತಿತ್ತು. ಶಿವಲಿಂಗವ್ವ ನಾರು ಹಿಡಿದ ಕೈ ಹಾಗೇ ಇಟ್ಟುಕೊಂಡು ನಿಂತಿದ್ದಳು.

“ಏನ ಹಚ್ಚೀರಿ ಅತ್ತಿ?” ಮಹಾದೇವಿ ಕೇಳಿದಳು.

“ಸೋಡಾ.”

ಮಹಾದೇವಿ ತಂಬಿಗೆಯ ಮೇಲೆ ತಂಬಿಗೆ ತಣ್ಣೀರು ಸುರಿದಳು. ಸುನಿತಾ ಅರಿಷಿಣ ತರಲು ಹೊರಟರೆ ತಡೆದಳು. “ಅರಿಷಿಣ ಬ್ಯಾಡ, ಎಣ್ಣಿ ಬ್ಯಾಡ. ದವಾಖಾನಿಗೆ ನಡೀರಿ. ಹುಚ್ಚೇಶಣ್ಣಗ ಗಾಡಿ ತಗ್ಯಾಕ ಹೇಳು.”

ದವಾಖಾನೆಯಲ್ಲಿ ಡಾಕ್ಟರ್ ಚೇತನಕುಮಾರ ಗಾಯಕ್ಕೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ಆಮೇಲೆ ಪ್ರೀತಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ಎತ್ತರ ಅಳೆದರು, ಹೊಟ್ಟೆಯ ಸುತ್ತ ಟೇಪು ಹಿಡಿದರು. ಗಾಯಕ್ಕೂ ಹೊಟ್ಟೆಗೂ ಏನು ಸಂಬಂಧವೆಂದು ಶಿವಲಿಂಗವ್ವನಿಗೆ ತಿಳಿಯಲಿಲ್ಲ.

“ಬಣ್ಣ ಹೋಗಲೆಂತ ತಿಕ್ಕಿದ್ನಿರಿ ಸಾಹೇಬ್ರ. ನಮ್ದು ಬಣ್ಣದ ಮನಿ.”

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಹತ್ತಿಯ ಉಂಡೆಗೆ ಸ್ಪಿರಿಟ್ ಹಾಕಿ, ಮೊದಲು ಹುಚ್ಚೇಶನ ಬೆರಳು ಒರೆಸಿದರು. ಹತ್ತಿ ಕಪ್ಪಾಯಿತು. ಬೇರೆ ಹತ್ತಿ ತೆಗೆದುಕೊಂಡು, ಪ್ರೀತಿಯ ಕುತ್ತಿಗೆಯಲ್ಲಿ ಗಾಯವಿಲ್ಲದ ಕಡೆ, ಕಪ್ಪು ಇನ್ನೂ ಗಟ್ಟಿಯಾಗಿದ್ದ ಬದಿಗೆ, ಒತ್ತಿ ಒರೆಸಿದರು. ಹತ್ತಿಯನ್ನು ಶಿವಲಿಂಗವ್ವನ ಅಂಗೈಯಲ್ಲಿಟ್ಟರು.

ಹತ್ತಿ ಬೆಳ್ಳಗೇ ಇತ್ತು.

“ಇದು ಹೊರಗಿಂದ ಹತ್ತಿದ ಬಣ್ಣ ಅಲ್ಲ ಅಜ್ಜಿ. ಒಳಗಿಂದ ಬಂದದ್ದು,” ಅಂದರು ಡಾಕ್ಟರು. “ನಾವು ತಿಂದದ್ದು ರಕ್ತದಾಗ ಸಕ್ಕರಿ ಆಗ್ತದ. ಆ ಸಕ್ಕರೀನ ಮೈಯೊಳಗ ಕರಕೊಂಡು ಹೋಗೂ ರಸಕ್ಕ ಇನ್ಸುಲಿನ್ ಅಂತಾರ. ತೂಕ ಹೆಚ್ಚಾಗಿ ಹೊಟ್ಟ್ಯಾಗ ಕೊಬ್ಬು ತುಂಬಿದ್ರ, ಆ ರಸ ಬಾಗಲಾ ಬಡದ್ರೂ ಮೈ ಬಾಗಲಾ ತೆಗೆಯೂದಿಲ್ಲ. ಆಗ ರಸ ಇನ್ನೂ ಹೆಚ್ಚು ಹೆಚ್ಚು ಬರ್ತದ. ಅದರ ಗುರುತು ಚರ್ಮದ ಮ್ಯಾಲೆ ಹಿಂಗ ಕಪ್ಪಾಗಿ ಏಳ್ತದ, ಕುತ್ತಿಗ್ಯಾಗ, ಬಗಲಾಗ. ಕಪ್ಪು ಕುತ್ತಿಗಿ ಎಲ್ಲಾ ಇದೇ ಅಂತಲ್ಲ. ಆದ್ರ ತೂಕ ಹೆಚ್ಚಿದ್ದ ಮಕ್ಕಳಿಗೆ ಹಿಂಗಾದ್ರ ರಕ್ತ ನೋಡಬೇಕು. ಮನ್ಯಾಗ ಮತ್ಯಾರಿಗರ ಹಿಂಗ ಐತೇನು?”

ಹುಚ್ಚೇಶ ಅಂಗಿಯ ಕಾಲರು ಮೇಲೆ ಎಳೆದುಕೊಂಡ. ಸುನಿತಾ ಅವನ ಕಡೆ ನೋಡಿದಳು.

“ತೋರಸ್ರಿ,” ಅಂದಳು.

“ಏ, ನಂದು ಖರೇನ ಬಣ್ಣ. ದಿನಾ ಬಾನ್ಯಾಗ ಇರ್ತೇನಿ.”

ಡಾಕ್ಟರು ಅವನ ಕಾಲರು ಮಡಿಚಿ ಹತ್ತಿ ಒತ್ತಿದರು. ಆ ಹತ್ತಿಯ ಮೇಲೆ ಬೆವರಿನ ತುಸು ಮಬ್ಬು ಬಿಟ್ಟರೆ ಏನೂ ಇರಲಿಲ್ಲ. ಅಪ್ಪನದೂ ಮಗಳದೂ ಒಂದೇ ಕಪ್ಪು.

ಶಿವಲಿಂಗವ್ವ ಗೋಡೆಗೆ ಆತು ಕುಳಿತಳು. ಅವಳ ಕಣ್ಣಿಗೆ ದವಾಖಾನೆ ಕಾಣುತ್ತಿರಲಿಲ್ಲ, ಅವಳ ಯಜಮಾನ ಸೋಮಲಿಂಗ ಕಾಣುತ್ತಿದ್ದ. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲಿ ಕಾಲಿಗೆ ಆದ ಸಣ್ಣ ಗಾಯ ಮಾಯದೆ, ಬೆರಳು ಹೋಗಿ, ಪಾದ ಹೋಗಿ, ಕಡೆಗೆ ಅವನೇ ಹೋದ. ಶುಗರ್ ಅಂದಿದ್ದರು. ಶುಗರ್ ಮುದುಕರಿಗೆ ಬರುವುದು ಅಂದುಕೊಂಡಿದ್ದಳು. ಅವನಿಗೆ ಕಡೆಯ ಜಳಕ ಮಾಡಿಸಿದ ದಿನ, ಶಿವನ ಹತ್ತಿರ ಹೋಗುವಾಗ ಬಣ್ಣ ಮೆತ್ತಿಕೊಂಡು ಹೋಗಬಾರದೆಂದು ಅವನ ಕುತ್ತಿಗೆಯನ್ನು ಇವಳೇ ತಿಕ್ಕಿದ್ದಳು. ಹೋಗಿರಲಿಲ್ಲ. ದುಡಿದವನ ಬಣ್ಣ, ಇರಲಿ ಬಿಡು ಎಂದು ವಿಭೂತಿ ಹಚ್ಚಿ ಕಳಿಸಿದ್ದಳು.

ಅಂಗೈಯಲ್ಲಿ ಬಿಳಿ ಹತ್ತಿ ಇನ್ನೂ ಇತ್ತು.

ಶುಕ್ರವಾರ ಅವರು ಚೊಳಚಗುಡ್ಡಕ್ಕೆ ಹೋಗಲಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ ದವಾಖಾನೆಗೆ ಹೋಗಿ ಅಪ್ಪ, ಮಗಳು, ಅಜ್ಜಿ ಮೂವರೂ ರಕ್ತ ಕೊಟ್ಟರು. ಶಿವಲಿಂಗವ್ವನದು ಸರಿಯಿತ್ತು. ಹುಚ್ಚೇಶನಿಗೆ ಶುಗರ್ ಬಂದು ಎಷ್ಟೋ ದಿನವಾಗಿತ್ತು, ಅವನಿಗೇ ಗೊತ್ತಿರಲಿಲ್ಲ. ಅವನಿಗೆ ಗುಳಿಗೆ ಬರೆದರು. ಪ್ರೀತಿಯ ಸಕ್ಕರೆ ಹೊಸ್ತಿಲಿನ ಮೇಲೆ ನಿಂತಿತ್ತು.

“ಒಳಗ ಇನ್ನೂ ಬಂದಿಲ್ಲ,” ಅಂದರು ಡಾಕ್ಟರು. “ಈಗ ತಿರುಗಿಸಿದ್ರ ತಿರಗ್ತದ. ಹಿಂಗ ಬಿಟ್ರ ದೊಡ್ಡಾಕಿ ಆಗೂದ್ರೊಳಗ ಅಪ್ಪನ ಗುಳಿಗಿ ಮಗಳೂ ನುಂಗಬೇಕಾಗ್ತದ. ಕಿಡ್ನಿ, ಕಣ್ಣು, ಲಿವರ್ ಎಲ್ಲಾಕ್ಕೂ ತ್ರಾಸು.”

“ಅಕೀಗೂ ಗುಳಿಗಿ ಕೊಟ್ಟು ಬಿಡ್ರಿ ಸಾಹೇಬ್ರ,” ಅಂದಳು ಶಿವಲಿಂಗವ್ವ.

“ಅಕೀ ಔಷಧ ನಿಮ್ಮ ಅಡಗಿ ಮನ್ಯಾಗ ಐತಿ ಅಜ್ಜಿ. ಮತ್ತ ಹೊರಗ ಆಟದಾಗ ಐತಿ.”

ಆ ಸಂಜೆ ಮಹಾದೇವಿ ಬಂದು ಮಗ್ಗದ ಬದಿಯಲ್ಲಿ ಕುಳಿತಳು. ಶಿವಲಿಂಗವ್ವ ಮುಖ ತಿರುಗಿಸಿದಳು.

“ಊಟಾ ಕಸಗೊಳ್ಳಾಕ ಬಂದೀಯೇನು? ನಾನು ಸಣ್ಣಾಕಿದ್ದಾಗ ನಮ್ಮವ್ವ ಗಂಜಿ ಕುಡಿಸಿ ಮಲಗಸ್ತಿದ್ಲು. ನನ್ನ ಮೊಮ್ಮಗಳು ಕೇಳಿದ್ದು ಇಲ್ಲಂತ ಅನಬಾರ್ದಂತ ನಾನು ದೇವರ ಮುಂದ ಅಂದ್ಕೊಂಡೇನಿ. ಅನ್ನ ಅಂದ್ರ ದೇವರು. ದೇವರಿಗೆ ಸಾಕು ಅಂತಾರೇನು?”

“ಅನ್ನಕ್ಕ ಯಾರು ಬ್ಯಾಡ ಅಂದ್ರು ಅತ್ತಿ? ಮೊನ್ನಿ ಪ್ರೀತಿ ಏನೇನು ತಿಂದ್ಲು, ಅದನ್ನ ಹೇಳ್ರಿ ಸಾಕು.”

ಶಿವಲಿಂಗವ್ವ ನೆನಪು ಮಾಡಿಕೊಂಡಳು. ಮುಂಜಾನೆ ಚಾ, ಅದರೊಳಗೆ ಅದ್ದಿ ಬಿಸ್ಕಿಟು. ಸಾಲಿಗೆ ಕುರುಕುರೆಯ ಪ್ಯಾಕೇಟು. ಮಧ್ಯಾಹ್ನ ಅಲ್ಲಿ ಬಿಸಿಯೂಟ. ಬಂದ ಮೇಲೆ ಬಾಟ್ಲಿಯ ಬಣ್ಣದ ನೀರು, ಮಗ್ಗದ ಮನೆಯ ಸೆಕೆ ಅಲ್ಲವೇ. ಸಂಜೆ ಮಿರ್ಚಿ ಭಜಿ. ರಾತ್ರಿ ಮೊಬೈಲು ನೋಡುತ್ತಾ ಅನ್ನ, ಮೇಲೆ ಮತ್ತೆ ಬಿಸ್ಕಿಟು.

“ರೊಟ್ಟಿ?”

“ರೊಟ್ಟಿ ಒಲ್ಲೆ ಅಂತಾಳ.”

“ಪಲ್ಯ?”

“ಅದೂ ಒಲ್ಲೆ ಅಂತಾಳ.”

“ಅಂದ್ರ ನಿಮ್ಮ ದೇವರನ್ನ ಅಕೀ ಮುಟ್ಟಿದ್ದು ಒಂದೆರಡು ಸಲ ಅಷ್ಟ,” ಅಂದಳು ಮಹಾದೇವಿ. “ಸುನಿತಾ, ಸಕ್ರಿ ಡಬ್ಬಿ ತಾ. ಒಂದು ತಾಟು ತಾ.”

ಮಹಾದೇವಿ, ಪ್ರೀತಿ ಕುಡಿದು ಬಿಸಾಕಿದ ಬಾಟ್ಲಿಯ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿ, ಅಷ್ಟು ಸಕ್ಕರೆಯನ್ನು ಚಮಚೆಯಿಂದ ತಾಟಿಗೆ ಹಾಕತೊಡಗಿದಳು. ಒಂದು, ಎರಡು. ಶಿವಲಿಂಗವ್ವ ನೋಡುತ್ತಿದ್ದಳು. ಚಮಚೆ ನಿಲ್ಲಲಿಲ್ಲ.

“ಸಾಕ ಬಿಡವ್ವ.”

“ಇನ್ನೂ ಆಗಿಲ್ಲರಿ ಅತ್ತಿ.”

“ಸಾಕಂದೆ. ಇಷ್ಟ ಸಕ್ರಿ ಹಾಕಿ ನಾ ಮನಿಮಂದಿಗೆಲ್ಲಾ ಚಾ ಕಾಸ್ತೇನಿ.”

“ಅಷ್ಟೂ ಸಕ್ರಿ ಒಬ್ಬಾಕಿ ಒಂದು ಬಾಟ್ಲ್ಯಾಗ ಕುಡದ್ಲು. ಜಗ್ಗಿ ಕುಡದ್ಲು, ನೀವ ಕೊಡಿಸಿದ್ರಿ.”

ತಾಟಿನಲ್ಲಿ ಸಕ್ಕರೆ ಗುಡ್ಡೆಯಾಗಿತ್ತು. ಶಿವಲಿಂಗವ್ವ ಅದನ್ನೇ ನೋಡುತ್ತಾ ಕುಳಿತಳು. ಸೋಮಲಿಂಗನ ಕಾಲಿನ ಗಾಯವನ್ನು ತಾನು ತೊಳೆದಷ್ಟು ಸಲ, ಇದೇ ಕೈಯಿಂದ ಈ ಹುಡುಗಿಗೆ ಬಾಟ್ಲಿ ಮುಚ್ಚಳ ತೆಗೆದು ಕೊಟ್ಟಿದ್ದೇನೆ ಅನ್ನಿಸಿ ಅವಳು ತಾಟನ್ನು ದೂರ ಸರಿಸಿದಳು.

ಆದರೆ ಹೆದರಿದವರು ಒಮ್ಮೆಲೇ ಆ ಕಡೆಯ ತುದಿಗೆ ಓಡುತ್ತಾರೆ. ಶಿವಲಿಂಗವ್ವನೂ ಓಡಿದಳು. ಬಂದ ಸೋಮವಾರ ತನ್ನ ಜೊತೆಗೆ ಪ್ರೀತಿಗೂ ಉಪವಾಸ ಹಿಡಿಸಿದಳು. ಮರುದಿನ ಅರ್ಧ ರೊಟ್ಟಿ ಕೊಟ್ಟು ಊಟದಿಂದ ಎಬ್ಬಿಸಿದಳು. “ತಡಕೋ ಕೂಸ, ಶಿವಾ ಶಿವಾ ಅನ್ನು, ಹಸಿವು ಗೊತ್ತಾಗೂದಿಲ್ಲ,” ಅಂದಳು. ಹುಡುಗಿ ಶಿವಾ ಅನ್ನುತ್ತಲೇ ಇದ್ದಳು, ಹಸಿವು ಗೊತ್ತಾಗುತ್ತಲೇ ಇತ್ತು. ಬುಧವಾರ ಸುನಿತಾ ನೂಲಿನ ಬುಟ್ಟಿಗೆ ಕೈ ಹಾಕಿದರೆ ತಳದಲ್ಲಿ ಖಾಲಿ ಪ್ಯಾಕೇಟುಗಳು ಸಿಕ್ಕವು. ಪ್ರೀತಿ ಮಗ್ಗದ ಕುಣಿಯೊಳಗೆ ಇಳಿದು, ಯಾರಿಗೂ ಕಾಣದಂತೆ ಮೊಣಕಾಲು ಮಡಿಚಿ, ಬಿಸ್ಕಿಟು ತಿನ್ನುತ್ತಾ ಅಳುತ್ತಿದ್ದಳು.

“ಆಯಿ, ನಾ ಕೆಟ್ಟಾಕಿ ಏನು?” ಎಂದು ಕೇಳಿದಳು.

ಶಿವಲಿಂಗವ್ವ ಕುಣಿಯಿಂದ ಮೊಮ್ಮಗಳನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಆಮೇಲೆ ತಾನೇ ಎದುರುಮನೆಗೆ ಹೋಗಿ ಮಹಾದೇವಿಯ ಬಾಗಿಲು ಬಡಿದಳು.

“ನನಗ ತಿಳೀವಲ್ದು. ನೀನ ಹೇಳು.”

ಮಹಾದೇವಿ ಅವಳನ್ನು ಒಳಗೆ ಕರೆದು ಕೂರಿಸಿದಳು. “ಬೆಳೆಯೂ ಕೂಸಿಗೆ ಉಪವಾಸ ಬ್ಯಾಡ್ರಿ ಅತ್ತಿ. ಹೊಟ್ಟಿ ತುಂಬ ಹಾಕ್ರಿ. ಏನು ಹಾಕ್ತೀರಿ ಅನ್ನೂದ ಮುಖ್ಯ. ತೂಕ ಇಳೀಲೇಬೇಕು ಅಂತನೂ ಇಲ್ಲ. ಎತ್ತರ ಬೆಳೀತಾಳಲ್ಲ, ತೂಕ ಏರದ ನಿಂತ್ರೂ ಆತು. ಮತ್ತ ಒಬ್ಬಾಕಿಗೇ ಬ್ಯಾರೆ ಅಡಗಿ ಮಾಡಬ್ಯಾಡ್ರಿ. ಮನಿಮಂದಿ ಎಲ್ಲಾರೂ ಅದನ್ನ ಉಣ್ರಿ. ಮನ್ಯಾಗ ಬಿಸ್ಕಿಟ್ ಡಬ್ಬಿನ ಇಲ್ಲಂದ್ರ ಅಕೀ ಯಾಕ ಕದ್ದು ತಿಂತಾಳ?”

“ಹುಚ್ಚೇಶ ಭಜಿ ಬಿಡೂದಿಲ್ಲ.”

“ಬಿಡ್ತಾನ. ಮಗಳ ಮುಖ ನೋಡಿ ಬಿಡ್ತಾನ.”

ಅಷ್ಟು ಸುಲಭಕ್ಕೇನೂ ಬಿಡಲಿಲ್ಲ. ಒಂದು ದಿನ ಅವನ ಬಾಯಿಯ ಎಣ್ಣೆ ವಾಸನೆಯನ್ನು ಪ್ರೀತಿಯೇ ಹಿಡಿದಳು. “ಅಪ್ಪಾ, ಮಿರ್ಚಿ ತಿಂದು ಬಂದಿ,” ಅಂದಳು. ಬಾನಿಯಲ್ಲಿ ಕೈಯಿಟ್ಟ ಗಂಡಸು ಮಗಳ ಮುಂದೆ ಕಳ್ಳನ ಹಾಗೆ ನಿಂತ. ಅಂದಿನಿಂದ ಅಪ್ಪ ಮಗಳು ಇಬ್ಬರೂ ಒಬ್ಬರ ಮೇಲೊಬ್ಬರು ಪೊಲೀಸರಾದರು.

ಮನೆ ಹೀಗೆ ಬದಲಾಯಿತು. ಮುಂಜಾನೆ ಚಾ-ಬಿಸ್ಕಿಟಿನ ಬದಲು ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ. ಪ್ರೀತಿ ಮೊದಮೊದಲು ರೊಟ್ಟಿಯನ್ನು ತಟ್ಟೆಯ ಅಂಚಿಗೆ ತಳ್ಳಿದಳು. ಶಿವಲಿಂಗವ್ವ ಅವಳ ಕೈಗೇ ಹಿಟ್ಟು ಕೊಟ್ಟು ಬಡಿಯಲು ಕಲಿಸಿದಳು. ಮೂಲೆ ಮೂಲೆಗೆ ಹರಿದ ಆ ರೊಟ್ಟಿಯನ್ನು ಹುಡುಗಿ ಯಾರಿಗೂ ಕೊಡದೆ ತಾನೇ ತಿಂದಳು. ಊಟದ ಜೊತೆ ಹಸಿ ಸವತೆಕಾಯಿ, ಮೆಂತ್ಯೆ, ಉಳ್ಳಾಗಡ್ಡಿ ಬಂದವು. ಬಾಟ್ಲಿಯ ಜಾಗಕ್ಕೆ ಮಜ್ಜಿಗೆ, ಮಣ್ಣಿನ ಹರವಿಯ ನೀರು ಬಂದವು. ಹಸಿವಾದರೆ ಒಂದು ಹಿಡಿ ಪುಟಾಣಿ ಕಡಲೆ, ಇಲ್ಲವೇ ಪ್ಯಾರಲಹಣ್ಣು. ಅನ್ನ ಇತ್ತು, ಆದರೆ ತಾಟು ತುಂಬ ಅದೊಂದೇ ಇರಲಿಲ್ಲ. ಹಬ್ಬಕ್ಕೆ ಹೋಳಿಗೆಯೂ ಇತ್ತು, ಆದರೆ ದಿನಾ ಹಬ್ಬವಿರಲಿಲ್ಲ. ಊಟಕ್ಕೆ ಕುಳಿತಾಗ ಮೊಬೈಲನ್ನು ಶಿವಲಿಂಗವ್ವ ತನ್ನ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಳು. ಬದಲಿಗೆ ಮಠದಲ್ಲಿ ಕೇಳಿದ ಪುರಾಣ ಹೇಳಿದಳು. ಪುರಾಣದಲ್ಲಿ ರಾಕ್ಷಸ ಬಂದಾಗಲೆಲ್ಲ ಪ್ರೀತಿ ಎರಡು ತುತ್ತು ಹೆಚ್ಚು ಅಗಿದಳು.

ಸಂಜೆ ಹೊತ್ತು ಓಣಿಯ ಹುಡುಗಿಯರ ಜೊತೆ ಹಗ್ಗದಾಟ. ಮೊದಲ ದಿನ ಹತ್ತು ಸಲ ಹಾರುವಷ್ಟರಲ್ಲಿ ಅವಳಿಗೆ ಉಸಿರು ಸಿಗಲಿಲ್ಲ, ಯಾರೋ ನಕ್ಕರು. ನಕ್ಕವರಿಗೆ ಸುನಿತಾ ಬಾಗಿಲಿಗೆ ಬಂದು ಒಂದು ಮಾತು ಹೇಳಿದಳು, ಏನೆಂದು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಯಾರೂ ನಗಲಿಲ್ಲ.

ತಿಂಗಳುಗಳು ಕಳೆದ ಮೇಲೆ ಡಾಕ್ಟರು ಮತ್ತೆ ರಕ್ತ ನೋಡಿದರು. ಪ್ರೀತಿಯ ಸಕ್ಕರೆ ಹೊಸ್ತಿಲಿನಿಂದ ಹಿಂದೆ ಸರಿದಿತ್ತು. ತೂಕ ಬಹಳ ಇಳಿದಿರಲಿಲ್ಲ, ಎತ್ತರ ಏರಿತ್ತು. ಗಾಯ ಮಾಯ್ದಿತ್ತು. ಕಪ್ಪು ಪೂರ್ತಿ ಹೋಗಿರಲಿಲ್ಲ, ತಿಳಿಯಾಗಿತ್ತು. ಅದು ನಿಧಾನಕ್ಕೆ ಹೋಗುವುದು, ಅವಸರ ಮಾಡಬೇಡಿ ಅಂದರು. ಹುಚ್ಚೇಶ ಗುಳಿಗೆ ತಪ್ಪಿಸದೆ ನುಂಗುತ್ತಿದ್ದ.

ಇದನ್ನು ಓದುವ ಅಕ್ಕಂದಿರೆ, ಓದಿಸಿ ಕೇಳುವ ತಾಯಂದಿರೆ, ಅಜ್ಜಿಯರೆ. ಇವತ್ತು ಮಗುವಿನ ತಲೆ ಬಾಚುವಾಗ ಜಡೆ ಎತ್ತಿ ಕುತ್ತಿಗೆ ನೋಡಿರಿ. ಬಗಲು ನೋಡಿರಿ. ದಪ್ಪಗೆ ಕಪ್ಪು ಕಂಡರೆ ಕೊಳೆ ಎಂದು ತಿಕ್ಕಬೇಡಿರಿ, ಬಣ್ಣವೆಂದು ಸೋಡಾ ಹಚ್ಚಬೇಡಿರಿ, ಹತ್ತಿರದ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋಗಿರಿ. ನಿಮ್ಮ ಓಣಿಯ ಆಶಾ ತಾಯಿಯನ್ನು ಕೇಳಿರಿ, ಅವಳು ಜೊತೆಗೆ ಬರುತ್ತಾಳೆ. ಗಲ್ಲ ತುಂಬಿದ ಕೂಸು ಎಂದ ಮಾತ್ರಕ್ಕೆ ಆರೋಗ್ಯದ ಕೂಸು ಎಂದುಕೊಳ್ಳಬೇಡಿರಿ. ಹಾಗೆಂದು ಉಪವಾಸ ಕೆಡವಬೇಡಿರಿ, ಡುಮ್ಮಿ ಎಂದು ಕರೆಯಬೇಡಿರಿ, ಕರೆಯಲು ಬಿಡಲೂ ಬೇಡಿರಿ. ಬಾಟ್ಲಿ, ಪ್ಯಾಕೇಟುಗಳನ್ನು ಮನೆಯೊಳಗೆ ತರಬೇಡಿರಿ. ರೊಟ್ಟಿ, ಕಾಳು, ಕಾಯಿಪಲ್ಯ ನಮ್ಮ ನೆಲದಲ್ಲಿ ಬೆಳೆದದ್ದು, ಅದನ್ನು ನೀವೂ ಮಕ್ಕಳ ಜೊತೆ ಕುಳಿತು ಉಣ್ಣಿರಿ. ಮಕ್ಕಳನ್ನು ಆಡಲು ಬಿಡಿರಿ, ಹೊತ್ತಿಗೆ ಸರಿಯಾಗಿ ಮಲಗಿಸಿರಿ. ಮತ್ತು ಯಾರಾದರೂ ಪ್ರೀತಿಯಿಂದಲೇ ಬಂದು ಇದನ್ನೆಲ್ಲ ಮುರಿಯಲು ನೋಡಿದರೆ ಏನು ಹೇಳಬೇಕು ಎಂಬುದನ್ನು ಶಿವಲಿಂಗವ್ವನಿಂದ ಕೇಳಿಕೊಳ್ಳಿರಿ.

ಈ ಬೇಸಿಗೆಯಲ್ಲಿ ಅವಳ ಮಗಳು ರಂಗವ್ವ ಕೂಡಲಸಂಗಮದಿಂದ ತವರಿಗೆ ಬಂದಳು. ಅಲ್ಲಿ ಗುಡಿಯ ದಾರಿಯಲ್ಲಿ ಅವಳ ಗಂಡನಿಗೆ ಭಜಿ, ಸಿಹಿತಿಂಡಿ ಮಾರುವ ಫರಾಳದ ಅಂಗಡಿ ಇದೆ. ಬಾಗಿಲಲ್ಲೇ ಪ್ರೀತಿಯ ಗಲ್ಲ ಹಿಡಿದು ನೋಡಿ ಅವಳು ಗಾಬರಿಯಾದಳು.

“ಏನ ಯವ್ವಾ, ಕೂಸು ಹಿಂಗ ಸೊರಗೈತಿ? ಗಲ್ಲ ಎಲ್ಲಿ ಹೋದುವು?”

“ಅರಾಮ ಅದಾಳ,” ಅಂದಳು ಶಿವಲಿಂಗವ್ವ.

“ಏನ ಅರಾಮ. ರಜಾ ಮುಗಿಯೂ ಮಟಾ ನನ್ನ ಕೂಡ ಕಳಸು. ಅಂಗಡಿ ಕೈಯಾಗ ಐತಿ, ಬೇಕಾದ್ದು ತಿಂತಾಳ. ಮದಲಿನಂಗ ಮೈ ತುಂಬಿಸಿ ತಂದು ಬಿಡ್ತೇನಿ.”

ಸುನಿತಾ ಮಗ್ಗ ನಿಲ್ಲಿಸಿ ಅತ್ತೆಯ ಮುಖ ನೋಡಿದಳು. ತವರಿಗೆ ಬಂದ ಮಗಳು ಕೇಳಿದ್ದನ್ನು ಶಿವಲಿಂಗವ್ವ ಇಲ್ಲವೆಂದದ್ದನ್ನು ಈ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

“ಸೋದರತ್ತಿ ಅದೇನಿ ಯವ್ವಾ, ಹೊರಗಿನಾಕಿ ಅಲ್ಲ. ನಾಲ್ಕ ದಿನಾನರ ಕಳಸು.”

“ಇಲ್ಲ ರಂಗಿ,” ಅಂದಳು ಶಿವಲಿಂಗವ್ವ. “ಕಳಸೂದಿಲ್ಲ.”